ರಿಂಗಣದ ಗೋಕರ್ಣಿ

೧೮ ಜುಲೈ ೧೯೫೪, ರವಿವಾರ. ಜಮಖಂಡಿ.

ಬಿತ್ತಿಗೆ ಮುಗಿಯಿತು. ಅಂತೂ ಇಂತೂ. ಲಗಮಣ್ಣನ ಎತ್ತುಗಳ ಬಾಯಲ್ಲಿ ನೊರೆ, ಲಗಮಣ್ಣನ ಬಾಯಲ್ಲಿ ಬೈಗಳು. ಅವನ ಹೊಲ ಬದಿಗೇ ಇದೆ, ಕರೆದರೆ ಬರುತ್ತಾನೆ. ಬಂದು ಬೈಯುತ್ತಾನೆ.

"ರಾಯರ, ಇದು ಹೊಲ ಅಲ್ರೀ, ಹಾಸುಗಲ್ಲು. ಇಲ್ಲಿ ಬೀಜ ಹಾಕೂದು ಒಂದ, ಕಟ್ಟಿ ಮ್ಯಾಲ ಹಾಕೂದು ಒಂದ."

ಸುಳ್ಳಲ್ಲ. ಸಂಸ್ಥಾನದ ಕುದುರೆಗಳನ್ನು ಸುತ್ತು ಹಾಕಿಸುತ್ತಿದ್ದ ರಿಂಗಣ ಇದು. ನಾನು ಹುಟ್ಟುವ ಮೊದಲಿನಿಂದ ಗೊರಸು ಬಿದ್ದೂ ಬಿದ್ದೂ ನೆಲ ಸತ್ತಿದೆ. ಸಂಸ್ಥಾನ ವಿಲೀನವಾಯಿತು, ಕುದುರೆಗಳು ಲಿಲಾವಿನಲ್ಲಿ ಹೋದವು, ಪಾಗಾ — ಕುದುರೆ ಲಾಯ — ಗೋದಾಮಾಯಿತು. ಮೇವಿನ ಕಾರಕೂನನಾಗಿದ್ದ ನಾನು ಮನೆಗೆ ಬಂದು ಕೂತೆ. ಈಗ ಮುಂಬಯಿ ಸರಕಾರ. ಮಾಮಲೇದಾರರು ರಿಂಗಣವನ್ನು ಒಂದು ವರ್ಷದ ಮಟ್ಟಿಗೆ ನನಗೆ ಕೊಟ್ಟಿದ್ದಾರೆ. ಹಿಂಗಾರಿಗೆ ಗೋಧಿ ಬೆಳೆದು ತೋರಿಸಿದರೆ ನನ್ನ ಕೈಯಲ್ಲೇ ಉಳಿಯುತ್ತದೆ. ಇಲ್ಲವೋ, ಅಲ್ಲೂ ಒಂದು ಗೋದಾಮು ಕಟ್ಟುತ್ತಾರಂತೆ. ಈ ಸರಕಾರಕ್ಕೆ ಗೋದಾಮಿನ ಹುಚ್ಚು.

ನೆಲಕ್ಕೆ ಮೊದಲು ಜೀವ ಬರಬೇಕು. ಅದಕ್ಕೇ ಗೋಕರ್ಣಿ, ಅದೇ ಶಂಖಪುಷ್ಪದ ಬಳ್ಳಿ. ಹಬ್ಬಿಕೊಳ್ಳಲಿಕ್ಕೆ ನಡುನಡುವೆ ಜೋಳ. ಪಾಗಾದ ಹೊಲಗಳಲ್ಲಿ ಇದನ್ನೇ ಹಾಕುತ್ತಿದ್ದೆವು — ಕುದುರೆಗೆ ಮೇವೂ ಆಯಿತು, ಮಣ್ಣಿಗೆ ಕಸುವೂ ಆಯಿತು. ಬೀಜ ಪಾಗಾದ ಹಾಳುಗೋಡೆಯದು. ಅಲ್ಲಿ ಯಾರೂ ಹೇಳದೆ ಕೇಳದೆ ತಾನಾಗಿ ಹಬ್ಬಿಕೊಂಡಿದೆ. ಎರಡು ಸುಗ್ಗಿ ಆರಿಸಿ ಇಟ್ಟಿದ್ದೆ. ಬಿಸಿನೀರಲ್ಲಿ ನೆನೆಹಾಕಿಯೇ ಬಿತ್ತಿದ್ದೇನೆ, ನೋಡೋಣ.

ಸೊಂಟ ಹಿಡಿದಿದೆ. ಹೆಂಡತಿ ಮಥುರಾಬಾಯಿ ಎಳ್ಳೆಣ್ಣೆ ಕಾಸಿ ಕೊಟ್ಟಳು. ಹೊಲದ ಬಗ್ಗೆ ಒಂದು ಮಾತೂ ಕೇಳಲಿಲ್ಲ.

೨೮ ಜುಲೈ, ಬುಧವಾರ

ಮೊಳಕೆ! ಎಲ್ಲ ಕಡೆ ಅಲ್ಲ. ರಿಂಗಣದ ನಡುವಿನ ಗುಂಡಗೆ ಜಾಗ ಇನ್ನೂ ಬೋಳು. ಆದರೂ ಸಾಲು ಕಾಣುತ್ತದೆ.

ಬಗ್ಗಿ ನೋಡುತ್ತ ಎಷ್ಟು ಹೊತ್ತು ಕೂತೆನೋ. ಬೆಳಕು ಹರಿಯುವ ಹೊತ್ತಿಗೆ ಬಳ್ಳಿ, ಜೋಳ ಕೂಡಿಸಿಯೇ ಕೊಯ್ದು ಚಕ್ಕಡಿಗೆ ಹೇರುತ್ತಿದ್ದ ದಿನಗಳು... ಚಕ್ಕಡಿ ಪಾಗಾದ ತಿರುವಿಗೆ ಬರುವ ಮೊದಲೇ ಕುದುರೆಗಳಿಗೆ ವಾಸನೆ ಹೋಗುತ್ತಿತ್ತು. ಒಂದು ಕೆನೆದರೆ ಸಾಕು, ಸಾಲಿಗೆ ಸಾಲೇ ಶುರು. ಕಾಲಿಂದ ನೆಲ ಕುಟ್ಟುತ್ತಿದ್ದವು. ಊರಿನವರು ಅದನ್ನು ಕೇಳಿ ಏಳುತ್ತಿದ್ದರು. ಈಗ ಬಸ್ಸಿನ ಹಾರ್ನ್ ಕೇಳಿ ಏಳುತ್ತಾರೆ.

೧೫ ಆಗಸ್ಟ್, ರವಿವಾರ

ಝೆಂಡಾವಂದನೆಗೆ ಹೋಗಿ ಬಂದೆ. ಶೇತಕಿ — ಬೇಸಾಯ — ಖಾತೆಯ ಸಾಹೇಬರು ಅಲ್ಲೇ ಸಿಕ್ಕರು. ಹುಡುಗ ವಯಸ್ಸು, ಧಾರವಾಡದ ಕಡೆಯವರು, ಉತ್ಸಾಹ ಬಹಳ. ಹೊಲಕ್ಕೆ ಕರೆದುಕೊಂಡು ಹೋದೆ. ಬಳ್ಳಿ ನೋಡಿ ಕುಣಿಯುವುದೊಂದು ಬಾಕಿ. ಬರುವ ವರ್ಷ ಇಡೀ ತಾಲೂಕಿಗೆ ಬೀಜ ಕೊಡುತ್ತಾರಂತೆ, ರಿಪೋರ್ಟಿನಲ್ಲಿ ನನ್ನ ಹೆಸರು ಹಾಕುತ್ತಾರಂತೆ, ಗೋಧಿ ರಾಶಿಗೆ ಕಲೆಕ್ಟರರನ್ನು ಕರೆಸುತ್ತಾರಂತೆ.

ಊಟಕ್ಕೆ ಕೂತಾಗ ಇವಳಿಗೆ ಎಲ್ಲ ಹೇಳಿ ನಗುತ್ತ ಅಂದೆ, "ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದ್ರಂತ..."

ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು. ಬಡಿಸುತ್ತಿದ್ದ ಸೌಟು ಪಾತ್ರೆಯಲ್ಲಿ ಇಟ್ಟಳು. ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ನಾನು ಮಜ್ಜಿಗೆ ಹಾಕಿಕೊಳ್ಳದೆ ಎದ್ದೆ.

೧೬ ಆಗಸ್ಟ್

ಮಾತಿಲ್ಲ. ಚಹಾ ತಂದಿಟ್ಟಳು ಅಷ್ಟೇ.

ಇವಳು ಕುಲಾವಿ ಹೊಲಿದಿದ್ದು ಸಂಸ್ಥಾನದ ಕೊನೆಯ ವರ್ಷ. ಮಗಳು ಕುಮುದಿನಿಯ ಮೊದಲನೆಯ ಬಸಿರು. ಏಳು ತಿಂಗಳಿಗೆ ಕುಬಸ — ಸೀಮಂತ — ಮಾಡಿ ತವರಿಗೆ ಕರೆದುಕೊಂಡು ಬರುವುದು ಅಂತ ಮಿರಜದ ಬೀಗರೊಂದಿಗೆ ಮಾತಾಗಿತ್ತು. ಹಸಿರು ಸೀರೆ ತಂದಿದ್ದೆವು. ಮುಹೂರ್ತಕ್ಕೆ ಎಂಟು ದಿನ ಇರುವಾಗ ಹುಡುಗಿಗೆ ಜ್ವರ ಬಂತು. ತಾರು ಬಂತು. ನಾವು ಹೋಗಿ ಮುಟ್ಟುವುದರೊಳಗೆ ಎಲ್ಲ ಮುಗಿಸಿ ಮನೆ ತೊಳೆದಿದ್ದರು. ಮುಖ ಸಹ ನೋಡಲಿಲ್ಲ.

ಅಂದಿನಿಂದ ಮಥುರಾಬಾಯಿ ಯಾರ ಮನೆಯ ಕುಬಸಕ್ಕೂ ಹೋಗಿಲ್ಲ, ಅರಿಷಿಣ ಕುಂಕುಮಕ್ಕೂ ಹೋಗಿಲ್ಲ. ಅಡಿಗೆಮನೆ, ದೇವರಮನೆ, ಬಾವಿ. ಮಗಳ ಹೆಸರು ನಾನು ತೆಗೆದರೆ ಎದ್ದು ಹೋಗುತ್ತಾಳೆ. ನನಗೋ, ಮಾತಾಡಬೇಕು ಅನಿಸುತ್ತದೆ. ಯಾರ ಮುಂದೆ ಮಾತಾಡಲಿ? ಈ ಡೈರಿಯ ಮುಂದೆ.

೭ ಸೆಪ್ಟೆಂಬರ್, ಮಂಗಳವಾರ. ಮುಂಜಾನೆ.

ಮಳೆ ಚೆನ್ನಾಗಿ ಹಿಡಿಯಿತು. ನಡುವಿನ ಬೋಳು ಜಾಗವೂ ಮುಚ್ಚಿದೆ. ಬಳ್ಳಿ ಜೋಳದ ಎದೆಮಟ್ಟ ಏರಿದೆ. ನಿನ್ನೆ ಒಂದು ಬುಡ ಕಿತ್ತು ನೋಡಿದೆ — ಬೇರಿಗೆಲ್ಲ ಸಣ್ಣ ಸಣ್ಣ ಗಂಟು. ಮಣ್ಣಿಗೆ ಕಸುವು ಬರುವುದು ಅದರಿಂದಲೇ. ಕೈಯಲ್ಲಿ ಹಿಡಿದರೆ ಮಣ್ಣು ಪುಡಿಯಾಯಿತು. ಹಾಸುಗಲ್ಲು ಅಂದಿದ್ದ ಲಗಮಣ್ಣನೂ ಹಿಸುಕಿ ನೋಡಿ ಸುಮ್ಮನಾದ. ಅವನು ಸುಮ್ಮನಾಗುವುದೆಂದರೆ ಹೊಗಳಿಕೆ.

ಮೊದಲ ಹೂವೂ ಬಂತು. ಅದೇ ನೀಲಿ. ಕಿತ್ತು ತಂದು ದೇವರಮನೆಯ ಹೊಸ್ತಿಲಲ್ಲಿ ಇಟ್ಟೆ.

ಅದೇ ದಿನ, ಸಂಜೆ.

ಇವಳು ಹೊಲಕ್ಕೆ ಬಂದಳು!

ನಾನು ಬದುವಿನ ಮೇಲೆ ಕೂತಿದ್ದೆ. ನೋಡಿದರೆ ಸೆರಗು ಹೊದ್ದು, ಕೈಯಲ್ಲಿ ಹೂವಿನ ಬುಟ್ಟಿ ಹಿಡಿದು, ದಾರಿ ತಪ್ಪಿದವಳ ಹಾಗೆ ನಿಂತಿದ್ದಾಳೆ. "ಎಲ್ಲೆ ಅದ ಆ ಬಳ್ಳಿ?" ಅಂದಳು. ಹೊಲದ ತುಂಬ ಅದೇ ಇದೆ, ಎಲ್ಲಿದೆ ಅಂತ ಕೇಳುತ್ತಾಳೆ! ನಗಲಿಲ್ಲ ನಾನು. ಕೈ ತೋರಿಸಿದೆ. ಬಗ್ಗಿ ಹೂವು ಹುಡುಕಿದಳು. ಏಳೆಂಟು ಸಿಕ್ಕಿರಬೇಕು. ಕೂಡಿಯೇ ಮನೆಗೆ ಬಂದೆವು. ಪೇಟೆಯಲ್ಲಿ ಜನ ತಿರುಗಿ ನೋಡಿದರು. ನೋಡಲಿ.

೧೯ ಸೆಪ್ಟೆಂಬರ್, ರವಿವಾರ

ದಿನಾ ಬರುತ್ತಾಳೆ. ಈಗ ನನಗಿಂತ ಮೊದಲೇ ತಯಾರು. ಲಗಮಣ್ಣನ ತಾಯಿ ಬೋರವ್ವನ ಜೊತೆ ಸಲಿಗೆ ಬೆಳೆದಿದೆ. ಇಬ್ಬರೂ ಬದುವಿನಲ್ಲಿ ಕೂತು ಊರ ಸೊಸೆಯಂದಿರನ್ನೆಲ್ಲ ಅಳೆದು ತೂಗುತ್ತಾರೆ. ಇವತ್ತು ಇವಳು ನಕ್ಕಿದ್ದು ಕೇಳಿಸಿತು. ನಾನು ಜೋಳದ ಮರೆಯಲ್ಲೇ ನಿಂತೆ. ಮುಂದೆ ಹೋದರೆ ಎಲ್ಲಿ ನಿಂತುಬಿಡುತ್ತದೋ ಅಂತ.

ಹೊಲ ಈಗ ನೀಲಿಗೆ ನೀಲಿ. ನೋಡಿದಾಗೆಲ್ಲ ಹುಡುಗಿಯ ನೆನಪು. ಆರು ವರ್ಷದವಳಿದ್ದಾಗ ನನ್ನ ಬೆನ್ನು ಹತ್ತಿ ಬರುತ್ತಿದ್ದಳು. ಮೇವಿನ ಚಕ್ಕಡಿಯ ತುದಿಯಲ್ಲಿ ಕೂತು, ಪರಕರದ ಉಡಿಯ ತುಂಬ ಗೋಕರ್ಣಿ ಹೂವು. ಅವ್ವ ಶಿವನ ಪೂಜೆಗೆ ತಾ ಅಂದಿರುತ್ತಿದ್ದಳು. ಪಾಗಾಕ್ಕೆ ಬಂದರೆ ಒಂದೊಂದು ಕುದುರೆಗೂ ಒಂದೊಂದು ಹೂವು. ಕಿವಿಗೆ ಸಿಕ್ಕಿಸುವವಳು, ಮೂತಿಗೆ ಹಿಡಿಯುವವಳು. ಶಿವನಿಗೆ ಉಳಿದದ್ದು ಬಾಡಿದ ನಾಲ್ಕು. "ದೇವರ ಹೂವು ಕುದರಿಗೆ ತಿನಸಿ ಬಂದ್ಯಾ, ಮಾರಿಗೇಡಿ" ಅಂತ ಇವಳು ಗದರಬೇಕು, ಅದು ನನ್ನ ಧೋತರದ ಹಿಂದೆ ಅಡಗಬೇಕು. ಎಂಥ ಮುಂಜಾನೆಗಳು. ಆಗ ಗೊತ್ತಾಗಲಿಲ್ಲ, ನೌಕರಿ ಅಂದುಕೊಂಡಿದ್ದೆ.

ಇವಳೂ ಅದನ್ನೇ ನೆನೆಯುತ್ತಾಳೆ ಅಂತ ಗೊತ್ತು. ಆದರೆ ಬಾಯಿ ಬಿಡಲೊಲ್ಲಳು.

೩೦ ಸೆಪ್ಟೆಂಬರ್, ಗುರುವಾರ

ಸಾಹೇಬರು ಸೈಕಲ್ ಮೇಲೆ ಬಂದರು. ಸುತ್ತ ನೋಡಿದರು. "ನಾರಾಯಣರಾವ್, ಭಾಳ ಛಲೋ ಬಂದದ. ಇನ್ನ ತಡಾ ಮಾಡಬ್ಯಾಡ್ರಿ. ಹೂವು ಇದ್ದಾಗನ ಮಣ್ಣಾಗ ಹಾಕಿಬಿಡ್ರಿ. ಕಾಯಿ ಬಲೀತಂದ್ರ ದಂಟು ನಾರಾಗತಾವ, ಕೊಳಿಯೂದಿಲ್ಲ. ಗೋದಿ ಬಿತ್ತಲಿಕ್ಕೆ ಹದಾ ಸಿಗೂದಿಲ್ಲ" ಅಂದರು.

ಗೊತ್ತಿದ್ದ ಮಾತೇ. ಬಿತ್ತುವಾಗಲೇ ಗೊತ್ತಿತ್ತು. ಆದರೆ ಬಿತ್ತುವಾಗ ಇವಳು ಹೊಲಕ್ಕೆ ಬರುತ್ತಿರಲಿಲ್ಲ.

ಲಗಮಣ್ಣನಿಗೆ ಹೇಳಿದೆ. ಅವನು ತಂಬಾಕು ತಿಕ್ಕುತ್ತಿದ್ದವ ಕೈ ನಿಲ್ಲಿಸಿದ.

"ಆಗಂಗಿಲ್ರೀ ರಾಯರ."

"ಯಾಕೋ?"

"ಹೂ ಬಂದ ಬೆಳಿ ಅಂದ್ರ ಬಸರಿ ಹೆಂಗಸ್ರೀ. ಸೀಗಿ ಹುಣ್ಣಿಮಿ ಬಂತು. ಊರ ಮಂದಿ ಬೆಳಿಗೆ ಉಡಿ ತುಂಬೂ ಹೊತ್ತಿನ್ಯಾಗ ನಾ ಹೋಗಿ ಬಸರಿ ಹೊಟ್ಟಿ ಮ್ಯಾಲ ಕಬ್ಬಿಣ ಹಾಯಿಸಲೇನ್ರೀ? ನನ್ನ ಎತ್ತ ಸತ್ತಾವು."

"ಇದು ಗೊಬ್ಬರಕ್ಕಂತ ಹಾಕಿದ್ದೋ ಮಾರಾಯಾ. ಕಾಳಿಗಲ್ಲ."

"ಅದು ನಿಮಗ ಗೊತ್ತು, ನನಗ ಗೊತ್ತು. ಬಳ್ಳಿಗೆ ಗೊತ್ತೈತೇನ್ರೀ?"

ಬೇರೆಯವರನ್ನು ಕೇಳಿದೆ. ಆಚೆ ಹೊಲದ ಧರೆಪ್ಪನೂ ಒಲ್ಲೆ ಅಂದ. ಸಿಟ್ಟು ಬರಬೇಕಿತ್ತು ನನಗೆ. ಬರಲಿಲ್ಲ. ಖರೆ ಹೇಳಬೇಕೆಂದರೆ ಒಳಗೊಳಗೇ ಹಗುರಾಯಿತು. ಇವಳಿಗೆ ಹೇಳುವ ಕೆಲಸ ಅಷ್ಟು ದಿನ ಮುಂದೆ ಹೋಯಿತಲ್ಲ.

೭ ಅಕ್ಟೋಬರ್, ಗುರುವಾರ. ವಿಜಯದಶಮಿ, ಬನ್ನಿ.

ಇವಳು ಬನ್ನಿ ಕೊಟ್ಟು ಕಾಲಿಗೆ ಬಿದ್ದಳು. ಏಳುತ್ತಲೇ ಕೇಳಿದಳು, "ಬಳ್ಳಿ ಮಣ್ಣಾಗ ಹಾಕಸ್ತೀರಂತ. ಖರೇ ಏನ್ರಿ?"

ಬೋರವ್ವ ಹೇಳಿರಬೇಕು.

"ಹೂಂ. ಹಾಕಲಿಲ್ಲಂದ್ರ ಗೋದಿ ಬರೂದಿಲ್ಲ. ಗೋದಿ ಬರಲಿಲ್ಲಂದ್ರ ರಿಂಗಣ ಹೋಗತದ."

"ಹೂವು ಇದ್ದಾಗನ?"

"ಹೂವು ಇದ್ದಾಗನ ಹಾಕಬೇಕು."

ಕೈಯಲ್ಲಿನ ಬನ್ನಿ ಎಲೆ ತಿರುವಿದಳು. "ಹೊಟ್ಟಿ ತುಂಬಿದ್ದನ್ನ ಒಯ್ಯೂದು ಎಲ್ಲಾರಿಗೂ ಭಾಳ ಸಸಾರ ನೋಡ್ರಿ" ಅಂದಳು. ಅಷ್ಟೇ. ಜೋರು ದನಿಯಲ್ಲ. ಸಂಜೆ ಹೊಲಕ್ಕೆ ಬರಲಿಲ್ಲ. ಬುಟ್ಟಿ ಗೂಟಕ್ಕೆ ತೂಗಿತ್ತು.

೧೦ ಅಕ್ಟೋಬರ್, ರವಿವಾರ

ಇವತ್ತೂ ಬರಲಿಲ್ಲ. ಅಡಿಗೆಮನೆಯ ಆ ಮೂಲೆ, ಆ ಮಣೆ. ಬೋರವ್ವ "ಬಾಯಾರೆಲ್ಲೆ?" ಅಂತ ಕೇಳಿದಳು. ನೆಗಡಿ ಅಂದೆ.

ಅಲ್ಲಲ್ಲಿ ಎಳೆಗಾಯಿ ಕಾಣುತ್ತಿವೆ. ಇನ್ನೊಂದು ವಾರ ಬಿಟ್ಟರೆ ಕೆಲಸ ಕೆಟ್ಟಿತು. ಬಳ್ಳಿ ಬಿಟ್ಟುಕೊಂಡರೆ ರಿಂಗಣ ಕೈಬಿಟ್ಟು ಹೋಗುತ್ತದೆ, ಮುಂದೆ ಬಳ್ಳಿ ಬೆಳೆಯಲಿಕ್ಕೂ ನೆಲ ಇರುವುದಿಲ್ಲ. ಬಳ್ಳಿ ಹೂಳಿದರೆ ಇವಳು ಮತ್ತೆ ಒಳಗೆ. ಈ ಸಲ ಒಳಗೆ ಹೋದರೆ ಯಾವ ಹೂವು ತೋರಿಸಿ ಕರೆಯಲಿ? ಹೆದರಿಕೆ ಆಗುತ್ತದೆ. ಕುದುರೆ ಮೇವು ಬಿಟ್ಟರೆ ಏನು ಮಾಡಬೇಕು ಅಂತ ಹೇಳಬಲ್ಲೆ, ಹೆಂಡತಿ ಮಾತು ಬಿಟ್ಟರೆ ನನಗೇನೂ ತಿಳಿಯದು.

೧೨ ಅಕ್ಟೋಬರ್, ಮಂಗಳವಾರ. ಸೀಗಿ ಹುಣ್ಣಿಮೆ.

ಇದನ್ನು ಇವತ್ತೇ ಬರೆಯಬೇಕು.

ಮುಂಜಾನೆ ಬೋರವ್ವ ನೇರ ಮನೆಗೇ ಬಂದಳು. ತಲೆಯ ಮೇಲೆ ಬುತ್ತಿ ಬುಟ್ಟಿ — ಕಡಬು, ಪುಂಡಿಪಲ್ಯ, ಸಜ್ಜಿರೊಟ್ಟಿ, ಎಲ್ಲ. ಪಡಸಾಲೆಯಲ್ಲಿ ಇಳಿಸಿ ಒಳಗೆ ಮುಖ ಮಾಡಿ ಕೂಗಿದಳು.

"ಬಾಯಾರ, ಹೊರಗ ಬರ್ರಿ. ನಿಮ್ಮ ಹೊಲದ ಉಡಿ ತುಂಬಬೇಕು."

ಇವಳು ಬಾಗಿಲಲ್ಲಿ ಬಂದು ನಿಂತಳು. "ನನ್ನ ಕೈಲೆ ಬ್ಯಾಡ ಬೋರವ್ವ. ನಾ ಅಂಥಾದ್ದಕ್ಕ ಹೋಗೂದಿಲ್ಲ."

"ಮತ್ಯಾರು ತುಂಬಬೇಕ್ರಿ? ನಾ ಗಂಡ ಸತ್ತಾಕಿ. ಮುತ್ತೈದಿ ನೀವ ಅದೀರಿ."

"ಇವತ್ತ ಉಡಿ ತುಂಬಿ ನಾಳೆ ರಂಟಿ ಹೊಡಿಯೂದೇನು? ಅದಕ್ಕ ನನ್ನ ಕರೀಲಿಕ್ಕೆ ಬಂದೀಯೇನು?"

ಬೋರವ್ವ ಸೆರಗಿನಿಂದ ಮುಖ ಒರೆಸಿಕೊಂಡು ಸಾವಕಾಶ ಕೂತಳು. "ನನ್ನ ಮಗಾನೂ ಹಿಂಗ ಕುಣಿದಾನ್ರಿ. ನಾ ಒಂದ ಕೇಳ್ತೀನಿ, ಹೇಳ್ರಿ. ಬಳ್ಳಿ ಯಾರ ಮಗಳು?"

ಇವಳು ಸೆರಗು ಸರಿಮಾಡಿಕೊಂಡಳು.

"ಭೂಮಿತಾಯಿ ಮಗಳೋ ಅಲ್ಲೋ? ಬಸರಿ ಮಗಳಿಗೆ ಉಡಿ ತುಂಬಿದ ಮ್ಯಾಲ ಎಲ್ಲಿಗೆ ಕಳಸ್ತಾರ್ರಿ?"

ಬೋರವ್ವ ತಾನೇ ಉತ್ತರ ಕೊಟ್ಟಳು.

"ತವರಿಗೆ ಕಳಸ್ತಾರ. ಮಣ್ಣ ಆಕಿ ತವರು. ತವರಿಗೆ ಹೋಗೂ ಮಗಳನ್ನ ಅಡ್ಡ ನಿಂತು ಹಿಡೀಬಾರದ್ರಿ ಬಾಯಾರ. ದಿನಾ ಮೀರಿಸಬಾರದು."

ಮಥುರಾಬಾಯಿ ಅಲ್ಲೇ ಬಾಗಿಲಲ್ಲಿ ಕೂತಳು. ಅತ್ತಳು. ಏಳು ವರ್ಷದ್ದೆಲ್ಲ ಅತ್ತಳು. ಮಿರಜದಿಂದ ಬರುವಾಗ ರೈಲಿನಲ್ಲೂ ಅತ್ತಿರಲಿಲ್ಲ ಇವಳು. ಬೋರವ್ವ ಸಮಾಧಾನ ಮಾಡಲು ಹೋಗಲಿಲ್ಲ, ಬೆನ್ನ ಮೇಲೆ ಕೈ ಇಟ್ಟು ಕೂತಳು. ನಾನು ಹಿತ್ತಲಿಗೆ ಹೋಗಿ ಅತ್ತು ಬಂದೆ.

ಆಮೇಲೆ ಎದ್ದು ಮುಖ ತೊಳೆದು ಟ್ರಂಕು ತೆಗೆದಳು. ಆ ಹಸಿರು ಸೀರೆ. ಮಡಿಕೆ ಸಹ ಬಿಚ್ಚಿರಲಿಲ್ಲ.

ರಿಂಗಣದ ನಡುವೆ ಎಲ್ಲಕ್ಕಿಂತ ದಟ್ಟ ಹಬ್ಬಿದ ಬುಡಕ್ಕೆ ಸೀರೆ ಹೊದಿಸಿದಳು. ಅರಿಷಿಣ, ಕುಂಕುಮ. ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ, ಅಡಿಕೆ, ಎಲೆ — ಉಡಿ ತುಂಬಿದಳು. ಲಗಮಣ್ಣ "ಹುಲ್ಲುಲ್ಲಿಗೋ" ಅಂತ ಕೂಗುತ್ತ ಚರಗ — ಬುತ್ತಿಯ ಎಡೆ — ಹೊಲದ ತುಂಬ ಚೆಲ್ಲಿದ. ನಾನು ಹಿಂದೆ ನೀರು ಹಾಕುತ್ತ ನಡೆದೆ. ತಿರುಗಿ ಬಂದಾಗ ಇವಳು ಬಳ್ಳಿಗೆ ಕಿವಿಯ ಹತ್ತಿರ ಹೇಳುವ ಹಾಗೆ ಬಗ್ಗಿ ಏನೋ ಹೇಳುತ್ತಿದ್ದಳು. ಕೇಳಲಿಕ್ಕೆ ಹೋಗಲಿಲ್ಲ.

೧೪ ಅಕ್ಟೋಬರ್, ಗುರುವಾರ

ಆಯಿತು.

ಲಗಮಣ್ಣ ತಾನಾಗಿಯೇ ಎತ್ತು ಹೂಡಿಕೊಂಡು ಬಂದ. ಎತ್ತಿನ ಕೋಡಿಗೆ ಕುಂಕುಮ. ಮೊದಲು ಹಲಗೆ ಎಳೆದು ಬಳ್ಳಿ, ಜೋಳ ಎರಡನ್ನೂ ಮಲಗಿಸಿದ, ಹಿಂದಿನಿಂದ ಕಬ್ಬಿಣದ ರಂಟಿ — ನೇಗಿಲು. ನೀಲಿ ಹೂವು ಮಣ್ಣಿನ ಮಗ್ಗುಲಿಗೆ ಹೊರಳಿ ಹೊರಳಿ ಮುಚ್ಚಿದವು. ಹಸಿ ವಾಸನೆ ಎದ್ದಿತು. ಪಾಗಾದ ಮುಂಜಾನೆಯದೇ ವಾಸನೆ. ತಡೆಯಲಾಗಲಿಲ್ಲ, ಸ್ವಲ್ಪ ದೂರ ಹೋಗಿ ನಿಂತೆ.

ನಡುವಿಗೆ ಬಂದಾಗ ಎತ್ತು ನಿಲ್ಲಿಸಿದ. "ಬಾಯಾರ, ಸೀರಿ ತಕ್ಕೋರಿ. ರಂಟಿಗೆ ಸುತ್ತಕೊಂತೈತಿ."

"ತವರಿಗೆ ಹೋಗೂ ಮಗಳ ಮೈಮ್ಯಾಲಿನ ಸೀರಿ ಬಿಚ್ಚಿ ಕಳಸ್ತಾರೇನೋ ಲಗಮಣ್ಣ?"

ಅವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಲಗಮಣ್ಣ ಆ ಜಾಗ ಬಿಟ್ಟು ಸುತ್ತಿ ಹೊಡೆದ. ಅಲ್ಲಿ ನಾನೇ ಸಲಿಕೆ ಹಿಡಿದೆ. ಗಟ್ಟಿ ಕಲ್ಲಾಗಿದ್ದ ನೆಲ — ಸಲಿಕೆ ಸರಾಗ ಇಳಿಯಿತು. ಸೀರೆ ಸಹಿತ ಬಳ್ಳಿಯನ್ನು ಮಲಗಿಸಿದೆವು. ಮೊದಲ ಬೊಗಸೆ ಮಣ್ಣು ಇವಳು ಹಾಕಿದಳು, ಎರಡನೆಯದು ನಾನು. ಮಿರಜದಲ್ಲಿ ನಮಗೆ ಇಷ್ಟು ಮಾಡಲೂ ಸಿಕ್ಕಿರಲಿಲ್ಲ.

ಮನೆಗೆ ಬಂದು ಇಬ್ಬರೂ ಮಧ್ಯಾಹ್ನವೇ ಮಲಗಿದೆವು. ಎದ್ದಾಗ ದೀಪ ಹಚ್ಚುವ ಹೊತ್ತು.

೨೧ ನವೆಂಬರ್, ರವಿವಾರ. ಸಂಜೆ.

ತಿಂಗಳ ಮೇಲಾಯಿತು ಬರೆಯದೆ. ದೀಪಾವಳಿಯ ಹಿಂದೆ ಮುಂದೆ ಎರಡು ಮಳೆ ಸಿಕ್ಕವು, ಬಳ್ಳಿ ಚೆನ್ನಾಗಿ ಕೊಳೆಯಿತು. ಗೋಧಿ ಬಿತ್ತಿಯಾಗಿದೆ. ಮೊಳಕೆ ಒಂದೇ ಸಮ ಎದ್ದಿದೆ. ಮಾಮಲೇದಾರರು ನಿನ್ನೆ ಟಾಂಗಾ ನಿಲ್ಲಿಸಿ ನೋಡಿದರು. "ಸದ್ಯಕ್ಕ ಗೋದಾಮಿನ ಮಾತಿಲ್ಲ" ಅಂದರು. ಸದ್ಯಕ್ಕೆ ಅನ್ನುವ ಮಾತು ಸೇರಿಸದಿದ್ದರೆ ಸರಕಾರ ಹೇಗಾದೀತು.

ಇವಳು ದಿನಾ ನನ್ನ ಕೂಡ ಹೊಲಕ್ಕೆ ಬರುತ್ತಾಳೆ. ಹೂವಿಲ್ಲ, ಬುಟ್ಟಿ ಇಲ್ಲ, ಆದರೂ ಬರುತ್ತಾಳೆ. ಹೋದ ಶುಕ್ರವಾರ ಓಣಿಯ ಒಂದು ಕುಬಸಕ್ಕೂ ಹೋಗಿ ಬಂದಳು. ಹೋಗುವ ಮೊದಲು ನನಗೆ ಹೇಳಲಿಲ್ಲ, ಬಂದ ಮೇಲೂ ಹೇಳಲಿಲ್ಲ. ಕೈಯಲ್ಲಿ ಹೂವು ಕೊಬ್ಬರಿ ನೋಡಿ ತಿಳಿದುಕೊಂಡೆ.

ಈಗ ಪಡಸಾಲೆಯಲ್ಲಿ ಸಜ್ಜಿ ಹಸನು ಮಾಡುತ್ತ ಕೂತಿದ್ದಾಳೆ. ಒಬ್ಬಳೇ ನಗುತ್ತಿದ್ದಾಳೆ. ಏನು ಅಂದೆ. ಒಂದು ದೊಡ್ಡ ಬಿಳಿ ಕುದುರೆಯ ಕತೆಯಂತೆ. ಪಾಗಾದಲ್ಲಿ ನಡೆದದ್ದಂತೆ, ನನಗೆ ಇವತ್ತಿಗೂ ಗೊತ್ತಿಲ್ಲವಂತೆ, ಅವ್ವ ಮಗಳು ಕೂಡಿ ಮುಚ್ಚಿಟ್ಟಿದ್ದರಂತೆ. ಪಾಗಾದ ಕಾರಕೂನ ನಾನು, ನನಗೇ ಗೊತ್ತಿಲ್ಲ!

"ಬರದದ್ದು ಸಾಕು, ಇತ್ತ ಬಂದು ಕೂತು ಕೇಳ್ರಿ" ಅನ್ನುತ್ತಿದ್ದಾಳೆ. "ಒಂದಿನ ಏನಾತಂದ್ರ, ನಮ್ಮ ಕುಮುದಿನಿ —